ಧನುಷ್ಕೋಟಿಗೆ ಹೋದರೆ ಹಳೇ ಸ್ಟೇಷನ್ ಹತ್ತಿರ ಇಳಿಯಿರಿ

ರಾಮೇಶ್ವರಕ್ಕೆ ಹೋದವರು ಧನುಷ್ಕೋಟಿಗೂ ಹೋಗಿಬರುತ್ತಾರೆ. ಹೆಚ್ಚಿನವರು ನೋಡುವುದು ರಸ್ತೆ ಮುಗಿಯುವ ಅರಿಚಲ್‌ಮುನೈ ಮಾತ್ರ. ಅಲ್ಲಿನ ಸ್ತಂಭದ ಮುಂದೆ ಒಂದು ಸೆಲ್ಫಿ, ವಾಪಸ್. ಮೊದಲ ಸಲ ನಾವೂ ಅಷ್ಟೇ. ಅದಕ್ಕೆ ನಾಲ್ಕೈದು ಕಿ.ಮೀ. ಮೊದಲೇ ಸಿಗುವ ಹಾಳು ಸ್ಟೇಷನ್ನು ಆಟೋದವನ ಅವಸರದಲ್ಲಿ ಪಕ್ಕದಲ್ಲೇ ಸರಿದುಹೋಗಿತ್ತು. ಈ ಸಲ ಅದನ್ನು ನೋಡಲೆಂದೇ ಹೋದೆವು.

ಬೆಂಗಳೂರಲ್ಲಿ ರಾತ್ರಿ ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮದುರೈ. ಅಲ್ಲಿಂದ ಬಸ್ಸಿನಲ್ಲಿ ಸುಮಾರು 170 ಕಿ.ಮೀ. ರಾತ್ರಿ ರಾಮೇಶ್ವರದಲ್ಲಿ ಉಳಿದು, ಬೆಳಕು ಹರಿಯುತ್ತಲೇ ಹೊರಡಿ. ಒಂಬತ್ತರ ಮೇಲೆ ಆ ಮರಳಿನಲ್ಲಿ ಬರಿಗಾಲಿಡಲಾಗದು, ನೆರಳೂ ಇಲ್ಲ. ಟೌನ್ ಬಸ್ಸಿದೆ. ಆಟೋ ಮಾಡುವುದಾದರೆ ‘ಹಳೇ ಸ್ಟೇಷನ್ನಲ್ಲಿ ಒಂದು ಗಂಟೆ ನಿಲ್ಲಿಸಬೇಕು’ ಅಂತ ದರ ಮಾತಾಡುವಾಗಲೇ ಹೇಳಿಬಿಡಿ. ಆಮೇಲೆ ಹೇಳಿದರೆ ವೇಟಿಂಗ್ ಚಾರ್ಜ್ ರಗಳೆ. ಸಂಜೆಯ ಮೇಲೆ ಆ ಕಡೆಗೆ ಬಿಡುವುದಿಲ್ಲ.

ಸ್ಟೇಷನ್ ಅಂದರೆ ಈಗ ಸೂರಿಲ್ಲದ ಒಂದಿಷ್ಟು ಗೋಡೆ, ಅಷ್ಟೇ. ‘ಇದನ್ನು ನೋಡೋಕೆ ಇಷ್ಟು ದೂರ ಬಂದ್ವಾ?’ ಅಂದಳು ಮಗಳು. ಹೌದು, ಕಥೆ ಗೊತ್ತಿಲ್ಲದಿದ್ದರೆ ಅಷ್ಟೇ ಕಾಣುವುದು.

1914ರ ಫೆಬ್ರವರಿಯಲ್ಲಿ, ರಾಮೇಶ್ವರ ದ್ವೀಪಕ್ಕೆ ಕಡಲ ಮೇಲೆ ರೈಲು ದಾಟಿಸುವ ಪಾಂಬನ್ ಸೇತುವೆ ತೆರೆಯಿತು. ಅಲ್ಲಿಂದ ಮುಂದೆ ಮದ್ರಾಸಿನಲ್ಲಿ ಬೋಟ್ ಮೇಲ್ ಎಂಬ ರೈಲು ಹತ್ತಿದವರು ಈ ಮರಳುದಂಡೆಯ ಹಳ್ಳಿಯಲ್ಲಿ ಇಳಿದು, ಸ್ಟೀಮರ್ ಏರಿ ಶ್ರೀಲಂಕಾದ ದಡದ ತಲೈಮನ್ನಾರ್‌ಗೆ ದಾಟಿ, ಮತ್ತೆ ರೈಲಿನಲ್ಲಿ ಕೊಲಂಬೊ ಸೇರುತ್ತಿದ್ದರು. ಪೂರ್ತಿ ಪ್ರಯಾಣಕ್ಕೆ ಒಂದೇ ಟಿಕೆಟ್ಟು! ನಡುವಿನ ಕಡಲು ಮೂವತ್ತೈದು ಕಿ.ಮೀ. ಆಸುಪಾಸು. ಆಗ ಮುಖ್ಯ ದಾರಿ ಇದೇ, ಪಾಂಬನ್‌ನಿಂದ ರಾಮೇಶ್ವರಕ್ಕೆ ಹೋಗುತ್ತಿದ್ದದ್ದು ಕವಲು ಹಳಿ.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ. ಪಾಂಬನ್‌ನಿಂದ ಹೊರಟ 653ನೇ ನಂಬರಿನ ಪ್ಯಾಸೆಂಜರ್ ಈ ಸ್ಟೇಷನ್ ಇನ್ನೇನು ಬಂತು ಅನ್ನುವಷ್ಟರಲ್ಲಿ ಅಲೆಗೆ ಸಿಕ್ಕಿತು. ಒಳಗಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಊರೂ ಹೋಯಿತು. ಮುರಿದ ಪಾಂಬನ್ ಸೇತುವೆಯನ್ನು ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ತಂಡ 46 ದಿನದಲ್ಲಿ ಎಬ್ಬಿಸಿ ನಿಲ್ಲಿಸಿತು, ಆದರೆ ಧನುಷ್ಕೋಟಿಯ ಹಳಿಯನ್ನು ಮತ್ತೆ ಹಾಕಲೇ ಇಲ್ಲ.

ಅಲ್ಲೇ ಹತ್ತಿರ ಹಾಳು ಚರ್ಚಿದೆ, ಬಿಡಬೇಡಿ. ಗೋಡೆಯ ಕಲ್ಲನ್ನು ಹತ್ತಿರದಿಂದ ನೋಡಿ: ಅದು ಹವಳದ ಕಲ್ಲು, ಜೇನುಹುಟ್ಟಿನ ಹಾಗೆ ತೂತು ತೂತು. ಕೈಯಿಟ್ಟರೆ ಒರಟು, ಉಗುರಿಗೆ ಪುಡಿ ಹತ್ತುತ್ತದೆ. ಹತ್ತಿ ಫೋಟೋ ತೆಗೆಸಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ.

ಅರಿಚಲ್‌ಮುನೈ ಕಡೆ ಮುಖ ಮಾಡಿ ನಿಂತರೆ ಎಡಕ್ಕಿರುವ ಶಾಂತ ಸಮುದ್ರವನ್ನು ಇಲ್ಲಿನವರು ಹೆಣ್ಣು ಕಡಲು ಅನ್ನುತ್ತಾರೆ, ಬಲಕ್ಕೆ ಅಬ್ಬರಿಸುವುದು ಗಂಡು ಕಡಲು. ಈಜು ಬಂದರೂ ಇಳಿಯಬೇಡಿ, ಸೆಳೆತ ಜೋರು.

ಗುಡಿಸಲ ಪಕ್ಕ ಒಬ್ಬ ಅಜ್ಜಿ ಮೊಣಕಾಲುದ್ದದ ಮರಳುಗುಂಡಿಯಿಂದ ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆದು ಬಿಂದಿಗೆ ತುಂಬುತ್ತಿದ್ದರು. ಮಗಳ ಅಂಗೈಗೂ ಒಂದಿಷ್ಟು ಸುರಿದರು. ಸಮುದ್ರ ಕೂಗಳತೆಯಲ್ಲಿದೆ, ನೀರು ಸಿಹಿ. ಆ ಗುಂಡಿ ತುಂಬುವುದು ತುಂಬಾ ನಿಧಾನ, ನಿಮ್ಮ ಬಾಟಲಿಯನ್ನು ರಾಮೇಶ್ವರದಲ್ಲೇ ತುಂಬಿಸಿಕೊಂಡು ಹೊರಡಿ.