‘ಹಾಲು ಸಾಲ್ತಾ ಇಲ್ವಾ?’ ಅಂತ ಕೇಳುವವರಿಗೆ

ಸಾಲ್ತಾ ಇರಲಿಲ್ಲ. ಆಮೇಲೆ ಸಾಲಿತು. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು, ಬೇಜಾರಿಲ್ಲ.

ಇನ್ನೂ ಓದುತ್ತಿರುವವರಿಗೆ ವಿಷಯ ಹೇಳುತ್ತೇನೆ. ನನ್ನ ಮಗಳು ಹುಟ್ಟಿದಾಗ 2 ಕೆಜಿ 600 ಗ್ರಾಂ ಇದ್ದಳು. ಬರೀ ಎದೆಹಾಲು ಕುಡಿಯುತ್ತಿದ್ದಳು. ಮೊದಲ ಒಂದೂವರೆ ತಿಂಗಳು ತೂಕ ಏರಿದ್ದು ತುಂಬಾ ನಿಧಾನ. ಈಗ ಅವಳು ಅಂಗನವಾಡಿಗೆ ಓಡಿ ಹೋಗಿ ಓಡಿ ಬರುತ್ತಾಳೆ. ಆದರೂ ಕೇಳುವವರು ಬಿಟ್ಟಿಲ್ಲ. "ಮಗು ಯಾಕೆ ಮೈ ಹಿಡಿದಿಲ್ಲ? ಆಗ ಹಾಲು ಸಾಲ್ತಾ ಇರಲಿಲ್ವಾ?" ಇದು ಸಾಲದು ಅಂತ ಈಗ ಹೊಸದಾಗಿ ಹೆತ್ತವರೂ ಫೋನ್ ಮಾಡುತ್ತಾರೆ. "ಅಕ್ಕಾ, ನಮ್ ಪಾಪೂನೂ ನಿಮ್ ಪಾಪು ಥರಾನೇ. ನೀವೇನು ಮಾಡಿದ್ರಿ?" ಇವರ ಮೇಲೆ ನನಗೆ ಕೋಪವಿಲ್ಲ. ಆದರೆ ರಾತ್ರಿ ಹತ್ತೂವರೆಗೆ ಅದನ್ನೇ ಮತ್ತೆ ಮೊದಲಿಂದ ಹೇಳುವ ಶಕ್ತಿಯೂ ಇಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ಮೇಲೆ ಲಿಂಕ್ ಕಳಿಸಿದರೆ ಆಯಿತು.

ಮೊದಲು ಈ ಪ್ರಶ್ನೆ ಕೇಳುವ ರೀತಿಯ ಬಗ್ಗೆ ಎರಡು ಮಾತು. "ಮಗು ಹೇಗಿದೆ?" ಅಂತ ಶುರು ಮಾಡುವುದಿಲ್ಲ ಯಾರೂ. ನೇರ ಹಾಲಿಗೇ ಬರುತ್ತಾರೆ. ಕೇಳುವಾಗ ಕಣ್ಣು ಮಗುವಿನ ಮುಖದ ಮೇಲಾದರೂ ಇರುತ್ತದಾ? ನನ್ನ ಎದೆಯ ಮೇಲಿರುತ್ತದೆ. ಗಂಡಸರೂ ಕೇಳುತ್ತಾರೆ, ಪಾಪ, ಅವರು ಫ್ಯಾನ್ ನೋಡಿಕೊಂಡು ಕೇಳುತ್ತಾರೆ.

ತಿಪಟೂರಿನಲ್ಲಿ, ನನ್ನ ತವರುಮನೆಯಲ್ಲಿ, ನಾಮಕರಣದ ದಿನ ನಡೆದದ್ದನ್ನು ಹೇಳಲೇಬೇಕು. ದೂರದ ಸಂಬಂಧದ ಒಬ್ಬರು ದೊಡ್ಡಮ್ಮ ತೊಟ್ಟಿಲಿನಿಂದ ಕೂಸನ್ನು ಎತ್ತಿದರು. ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದರು, ಸಂತೆಯಲ್ಲಿ ಕುಂಬಳಕಾಯಿ ಕೊಳ್ಳುವವರ ಹಾಗೆ. "ಮೂರು ಕೆಜಿ ಇಲ್ಲ ಬಿಡು ಇದು" ಅಂದರು. ಅಲ್ಲಿಂದ ಊಟದ ಪಂಕ್ತಿಯಲ್ಲಿ ನನ್ನ ಹಾಲಿನದೇ ಚರ್ಚೆ. ಹೋಳಿಗೆಗೆ ತುಪ್ಪ ಬಡಿಸುವಾಗಲೂ ಅದೇ. "ನನಗೆ ಹಾಲು ಎಷ್ಟಿತ್ತು ಅಂದ್ರೆ, ಪಕ್ಕದ್ಮನೆ ಕೂಸಿಗೂ ಕುಡಿಸ್ತಿದ್ದೆ" ಅಂದರು ದೊಡ್ಡಮ್ಮ. ಆ ಪಕ್ಕದ್ಮನೆ ಕೂಸು ಈಗ ಇಂಜಿನಿಯರ್. ಅವನೂ ಅದೇ ಪಂಕ್ತಿಯಲ್ಲಿ ಕೂತಿದ್ದ. ಎಲೆಯ ಮೇಲಿನ ಕೋಸಂಬರಿಯನ್ನು ಒಂದೊಂದೇ ಬೇಳೆ ಲೆಕ್ಕ ಹಾಕುವವನಂತೆ ನೋಡುತ್ತ ತಲೆ ತಗ್ಗಿಸಿಬಿಟ್ಟ. ಆವತ್ತು ಆ ಮನೆಯಲ್ಲಿ ನನ್ನ ಕಷ್ಟ ಅರ್ಥವಾದವನು ಅವನೊಬ್ಬನೇ.

ಸಿಟ್ಟು ಬಂದದ್ದು ಯಾಕೆ ಅಂದರೆ, ದೊಡ್ಡಮ್ಮನ ಕೈತೂಕ ಹೆಚ್ಚುಕಡಿಮೆ ಸರಿಯಾಗೇ ಇತ್ತು. ಆರನೇ ವಾರದ ಲಸಿಕೆಗೆ ಹೋದಾಗ ಮಗಳು 3 ಕೆಜಿ 100 ಗ್ರಾಂ. ತಾಯಿ ಕಾರ್ಡಿನ ತೂಕದ ಚಾರ್ಟಿನಲ್ಲಿ ಚುಕ್ಕಿ ಹಸಿರು ಬಿಟ್ಟು ಹಳದಿಗೆ ಬಿತ್ತು, ಅಂದರೆ ವಯಸ್ಸಿಗೆ ತೂಕ ಕಮ್ಮಿ.

ಆ ಹೊತ್ತಿಗೆ ನನಗೆ ತಿನ್ನಿಸುವುದು ಏನೂ ಬಾಕಿ ಇರಲಿಲ್ಲ. ಸಬ್ಬಸಿಗೆ ಸೊಪ್ಪು, ಸುಟ್ಟ ಬೆಳ್ಳುಳ್ಳಿ, ಮೆಂತ್ಯದ ಗಂಜಿ, ಕೊಬ್ಬರಿ ಹಾಕಿದ ಅಂಟಿನುಂಡೆ. ಎಲ್ಲ ತಿಂದೆ. ರುಚಿಯಾಗಿತ್ತು. ತೂಕವೂ ಚೆನ್ನಾಗಿ ಏರಿತು, ನನ್ನದು. ಇಷ್ಟೆಲ್ಲ ಕೊಟ್ಟ ಅದೇ ಮನೆಯಲ್ಲಿ ನೀರು ಮಾತ್ರ ಕೊಡುತ್ತಿರಲಿಲ್ಲ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತ ಆಗುತ್ತದೆ ಅಂತ ಅಜ್ಜಿಯ ಕಾನೂನು. ದಿನಕ್ಕೆ ಎರಡು ಲೋಟ, ಅದೂ ಬಿಸಿ. ಎದೆಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ ಇರುತ್ತದೆ. ಅದು ಎಲ್ಲಿಂದ ಬರಬೇಕು, ಅಂಟಿನುಂಡೆಯಿಂದಲಾ? ಹಾಗಂತ ಕೊಡಗಟ್ಟಲೆ ಕುಡಿದರೆ ಹಾಲು ಜಾಸ್ತಿ ಆಗುತ್ತದೆ ಅಂತಲೂ ಅಲ್ಲ. ಬಾಯಾರಿದಾಗ ಕುಡಿಯಲು ಬಿಟ್ಟರೆ ಸಾಕು. ನಾನು ಬಚ್ಚಲುಮನೆಯಲ್ಲಿ ಕದ್ದು ಕುಡಿಯುತ್ತಿದ್ದೆ. ಎಂಬಿಎ ಮಾಡಿದ ಹೆಂಗಸು, ಸ್ನಾನದ ಚೊಂಬಿನಲ್ಲಿ.

ಮಗುವಿಗೆ ಕೊಡಿ ಅಂದದ್ದರ ಪಟ್ಟಿ ಬೇರೆ. ಬಜೆ ತೇದು ನೆಕ್ಕಿಸು. ಜೇನು ಹಚ್ಚು. ಹಸುವಿನ ಹಾಲಿಗೆ ನೀರು ಬೆರೆಸಿ ಕೊಡು. ರಾಗಿ ಸರಿ ಶುರು ಮಾಡು. ನಾನು ಯಾವುದನ್ನೂ ಕೊಡಲಿಲ್ಲ. ನೀವೂ ಕೊಡಬೇಡಿ. ರಾಗಿ ಸರಿ ಆರು ತಿಂಗಳು ತುಂಬಿದ ಮೇಲೆ. ಹಸುವಿನ ಹಾಲನ್ನು ಕುಡಿಯಲು ಕೊಡುವುದು, ಜೇನು, ಇವೆರಡೂ ಒಂದು ವರ್ಷ ಆದ ಮೇಲೆ. ಜೇನಿನಿಂದ ಎಳೆ ಮಕ್ಕಳಿಗೆ ಬಾಟ್ಯುಲಿಸಂ ಅನ್ನುವ ಕಾಯಿಲೆ ಬರಬಹುದು, ಅದು ಜೀವಕ್ಕೇ ಅಪಾಯ. ಇಷ್ಟು ಹೇಳಿದ ಮೇಲೂ "ನಾವೆಲ್ಲ ಜೇನು ನೆಕ್ಕಿಯೇ ಬೆಳೆದದ್ದು" ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ.

ಸರಿ, ತೂಕಕ್ಕೆ ಬರೋಣ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಇಳಿಯುತ್ತದೆ. ನೂರಕ್ಕೆ ಏಳರಷ್ಟು ಇಳಿದರೆ ಯಾರೂ ಗಾಬರಿಯಾಗುವುದಿಲ್ಲ, ಹತ್ತು ದಾಟಿದರೆ ಡಾಕ್ಟರು ಕೂರಿಸಿ ನೋಡುತ್ತಾರೆ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಅಲ್ಲಿಂದ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಒಳ್ಳೆಯದು. ಅಂದರೆ ವಾರಕ್ಕೆ ಸುಮಾರು 150ರಿಂದ 200 ಗ್ರಾಂ. ಈಗ ಇದನ್ನು ಕೇಳಿ. ಆಸ್ಪತ್ರೆಯಲ್ಲಿ ಫ್ರಾಕು, ಟೋಪಿ, ಒದ್ದೆ ಬಟ್ಟೆ ಸಮೇತ ಡಿಜಿಟಲ್ ತಕ್ಕಡಿಯಲ್ಲಿ ತೂಗಿದರು. ಮುಂದಿನ ವಾರ ಅಂಗನವಾಡಿಯಲ್ಲಿ ಜೋಳಿಗೆಯಲ್ಲಿ ಹಾಕಿ ತೂಗು ತಕ್ಕಡಿಗೆ ಸಿಕ್ಕಿಸಿದರು, ಮೈಮೇಲೆ ಏನೂ ಇಲ್ಲ. ಮಗು ಒದೆಯುತ್ತಿದೆ, ಮುಳ್ಳು ಕುಣಿಯುತ್ತಿದೆ. ಲೆಕ್ಕದಲ್ಲಿ ಮಗಳ ತೂಕ ಕಮ್ಮಿಯಾಯಿತು! ಆ ರಾತ್ರಿ ನಾನು ಅತ್ತದ್ದು ಒಂದು ಒದ್ದೆ ಬಟ್ಟೆಯ ಭಾರಕ್ಕೆ. ಒಂದೇ ತಕ್ಕಡಿ, ಬಟ್ಟೆ ಬಿಚ್ಚಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹೀಗಲ್ಲದೆ ತೂಗಿದ ತೂಕವನ್ನು ನಂಬಬೇಡಿ. ದಿನಾ ತೂಗಬೇಡಿ, ಹುಚ್ಚು ಹಿಡಿಯುತ್ತದೆ.

ಇನ್ನು "ನೀವೇನು ಮಾಡಿದ್ರಿ?"

ಆರು ವಾರ ಎಲ್ಲರೂ ಕೇಳಿದ್ದು ಹಾಲು ಎಷ್ಟಿದೆ ಅಂತ. ಡಾಕ್ಟರು ಕೇಳಿದರು, ಅತ್ತೆ ಕೇಳಿದರು, ಕಾರ್ಡು ತುಂಬಿಸಿದವರೂ ಕೇಳಿದರು. ಮಗು ಹೇಗೆ ಕುಡಿಯುತ್ತದೆ ಅಂತ ಒಬ್ಬರೂ ಕೇಳಿರಲಿಲ್ಲ. ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಅದು. ಕೊನೆಗೆ ಕೇಳಿದ್ದು ಬೆಂಗಳೂರಿಗೆ ಬಂದ ಮೇಲೆ ಒಂದು ಆಸ್ಪತ್ರೆಯಲ್ಲಿ ಸಿಕ್ಕ, ರಿಟೈರ್ ಆಗಲು ಬಂದಿದ್ದ ಒಬ್ಬ ಸಿಸ್ಟರ್. "ಕುಡಿಸಮ್ಮ, ನಾನು ನೋಡ್ತೀನಿ" ಅಂತ ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತರು. ಫೋನ್ ನೋಡಲಿಲ್ಲ. ಮಾತಾಡಲಿಲ್ಲ. ಮಗುವಿನ ಗಂಟಲನ್ನೇ ನೋಡುತ್ತಿದ್ದರು. ಮಗಳು ಎಂದಿನಂತೆ ಒಂದಷ್ಟು ಹೊತ್ತು ಬಾಯಾಡಿಸಿ ನಿದ್ದೆಗೆ ಜಾರಿದಳು. "ನೋಡು, ಗುಟುಕು ಇಳೀತಾನೇ ಇಲ್ಲ. ಸುಮ್ನೆ ಚೀಪ್ತಾ ಇದೆ" ಅಂದರು. ಕುಡಿಸುವ ಮೊದಲು ಮಗುವನ್ನು ತೂಗಿದ್ದರು. ಬಟ್ಟೆ ಬದಲಿಸದೆ ಹಾಗೇ ಮತ್ತೆ ತೂಗಿದರು. ಅರ್ಧ ಗಂಟೆಗೆ ಒಳಗೆ ಹೋಗಿದ್ದು 20 ಗ್ರಾಂ.

ಅವಳು ಬರೀ ತೊಟ್ಟನ್ನು ಹಿಡಿಯುತ್ತಿದ್ದಳು. ಬಾಯಿ ಬಿಟ್ಟಾಗ ತೊಟ್ಟು ಚಪ್ಪಟೆಯಾಗಿ ಬಿಳಿಚಿಕೊಂಡಿರುತ್ತಿತ್ತು, ನೋವು ಪ್ರಾಣ ಹೋಗುವಷ್ಟು. ನೋವು ಎಲ್ಲ ತಾಯಂದಿರಿಗೂ ಇರುತ್ತದೆ ಅಂತ ಹೇಳಿ ಮುಗಿಸಿದ್ದರು ಎಲ್ಲರೂ. ಸಿಸ್ಟರ್ ಮಗುವಿನ ಮೂಗು ತೊಟ್ಟಿನ ನೇರಕ್ಕೆ ತಂದರು. ತುಟಿಗೆ ತಾಗಿಸಿ ಕಾದರು. ಬಾಯಿ ಅಗಲವಾಗಿ ತೆರೆದ ತಕ್ಷಣ ಬೆನ್ನಿಗೆ ಕೈ ಕೊಟ್ಟು ಹತ್ತಿರ ಎಳೆದರು. ಗದ್ದ ಮೊದಲು ಎದೆಗೆ ಒತ್ತಿತು. ಕೆಳತುಟಿ ಹೊರಗೆ ಮಡಿಚಿಕೊಂಡಿತು. ಸುತ್ತಲಿನ ಕಪ್ಪು ಭಾಗ, ಅದರಲ್ಲೂ ಕೆಳಗಿನದು, ಬಾಯೊಳಗೆ ಹೋಯಿತು. ಒಂದು ಕ್ಷಣ ಬಿಟ್ಟು "ಕ್... ಕ್..." ಅಂತ ಗುಟುಕಿನ ಸದ್ದು. ಅಷ್ಟು ದಿನ ಆ ಸದ್ದು ಕೇಳಿಸಬೇಕು ಅಂತಲೇ ನನಗೆ ಗೊತ್ತಿರಲಿಲ್ಲ. ನಾಲಿಗೆ ಎತ್ತಿ ನೋಡಿದರು, ಕೆಳಗೆ ಕಟ್ಟು ಇದೆಯಾ ಅಂತ. ಇರಲಿಲ್ಲ. ಕೆಲವು ಮಕ್ಕಳಿಗೆ ಇರುತ್ತದೆ, ಆಗ ಡಾಕ್ಟರೇ ಬೇಕು.

ಹಾಲು ಕಮ್ಮಿಯಾದದ್ದೂ ಅದರಿಂದಲೇ. ಎದೆ ಖಾಲಿಯಾದಷ್ಟೂ ಹೊಸ ಹಾಲು ಬರುತ್ತದೆ. ಒಳಗೇ ಉಳಿದರೆ, ಇಷ್ಟು ಬೇಡ ಅಂತ ದೇಹ ತಾನೇ ಕಡಿಮೆ ಮಾಡುತ್ತದೆ. ನಾನು ಗಡಿಯಾರ ನೋಡಿ ಹತ್ತು ನಿಮಿಷಕ್ಕೆ ಪಕ್ಕ ಬದಲಿಸುತ್ತಿದ್ದೆ, ಯಾರೋ ಹಾಗೆ ಹೇಳಿದ್ದರು. ಒಂದು ಕಡೆ ಪೂರ್ತಿ ಮುಗಿಯಲಿ, ಕೊನೆಕೊನೆಗೆ ಬರುವ ಹಾಲಿನಲ್ಲೇ ಕೊಬ್ಬು ಜಾಸ್ತಿ ಅಂದರು ಸಿಸ್ಟರ್. ಗುಟುಕು ನಿಂತಾಗ ಎದೆಯನ್ನು ಮೆಲ್ಲಗೆ ಒತ್ತು, ಹಾಲು ಬಾಯಿಗೆ ಬಂದರೆ ಮತ್ತೆ ಎಚ್ಚರವಾಗುತ್ತದೆ. ನಿದ್ದೆ ಮಾಡಿದರೆ ಕುಲಾವಿ ತೆಗೆ, ಅಂಗಾಲು ಉಜ್ಜು. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸು. ರಾತ್ರಿ ಬಿಡಬೇಡ, ಹಾಲು ತಯಾರಾಗಲು ಹೇಳುವ ಹಾರ್ಮೋನು ರಾತ್ರಿಯೇ ಜಾಸ್ತಿ. ಜೊತೆಗೆ ನನ್ನ ಥೈರಾಯ್ಡ್, ರಕ್ತ ಎರಡೂ ಪರೀಕ್ಷೆ ಮಾಡಿಸಿದರು. ತಾಯಿಗೆ ಥೈರಾಯ್ಡ್ ತೊಂದರೆ ಇದ್ದರೂ ಹಾಲು ಕಮ್ಮಿಯಾಗಬಹುದು. ನನಗಿರಲಿಲ್ಲ.

ಕೆಲವು ವಾರ ಮೇಲುಹಾಲೂ ಕೊಟ್ಟೆವು. ಹೌದು, ಡಬ್ಬಿ ಹಾಲು. ಇಲ್ಲಿ ಇನ್ನೊಂದು ಪಾರ್ಟಿಯವರು ಎದ್ದು ಕೂರುತ್ತಾರೆ ಅಂತ ಗೊತ್ತು. ಮೊದಲ ಪಾರ್ಟಿ, "ಡಬ್ಬಿ ಶುರು ಮಾಡು, ಗುಂಡುಗುಂಡಾಗತ್ತೆ" ಅಂದವರು. ಎರಡನೇ ಪಾರ್ಟಿ, "ಒಂದು ತೊಟ್ಟು ಡಬ್ಬಿ ಹಾಲು ಕೊಟ್ಟರೂ ಮುಗೀತು, ಇನ್ನು ಎದೆಗೆ ಬರಲ್ಲ" ಅಂದವರು. ಸಾಲದ್ದಕ್ಕೆ ಡಬ್ಬಿಯ ಮೇಲೂ ತಾಯಿಯ ಹಾಲೇ ಉತ್ತಮ ಅಂತ ಬರೆದಿರುತ್ತದೆ. 1992ರ ಕಾನೂನು ಹಾಗೆ ಬರೆಯಲೇಬೇಕು ಅನ್ನುತ್ತದೆ. ಒಳ್ಳೆಯ ಕಾನೂನೇ, ಕಂಪನಿಗಳು ಜಾಹೀರಾತು ಹಾಕಿ ತಾಯಂದಿರನ್ನು ಮರುಳು ಮಾಡದಿರಲಿ ಅಂತ ತಂದದ್ದು. ಆದರೆ ಬೆಳಗಿನ ಜಾವ ಮೂರು ಗಂಟೆಗೆ ಡಬ್ಬಿಯ ಕೈಯಲ್ಲೂ ಬುದ್ಧಿ ಹೇಳಿಸಿಕೊಳ್ಳುವುದು ಅಂದರೆ ಕಷ್ಟ. ನಮಗೆ ಡಾಕ್ಟರು ಅಳತೆ ಬರೆದುಕೊಟ್ಟಿದ್ದರು. ಮೊದಲು ಎದೆ, ಆಮೇಲೆ ಹಿಂಡಿ ತೆಗೆದ ಹಾಲು, ಅದೂ ಸಾಲದಿದ್ದರೆ ಡಬ್ಬಿ. ಬಾಟಲಿ ಬೇಡ ಅಂದರು. ಅಜ್ಜಿಯ ಬೆಳ್ಳಿ ಒಳಲೆ ಅಟ್ಟದಿಂದ ಇಳಿಯಿತು. ಅದರ ಮೂತಿಯನ್ನು ಕೆಳತುಟಿಯ ಮೇಲಿಟ್ಟು ಸ್ವಲ್ಪವೇ ಬಾಗಿಸಬೇಕು, ಸುರಿಯಬಾರದು, ಮಗು ತಾನೇ ನೆಕ್ಕಿ ನೆಕ್ಕಿ ಎಳೆದುಕೊಳ್ಳುತ್ತದೆ. ಅರ್ಧ ಹೊಟ್ಟೆಗೆ, ಅರ್ಧ ಕುತ್ತಿಗೆಯ ಮಡಿಕೆಗೆ. ಆ ಮಡಿಕೆಯ ಹುಳಿ ವಾಸನೆ ನನಗೆ ಇನ್ನೂ ನೆನಪಿದೆ. ನೀರು ಬಿಡಲು ಒಪ್ಪದ ಅಜ್ಜಿಯೇ ಒಳಲೆ ಹಿಡಿಯುವುದನ್ನು ನನಗೆ ಕಲಿಸಿದ್ದು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನನ್ನ ಹಾಲು ಏರಿದಂತೆ ಮೇಲುಹಾಲು ಇಳಿಸುತ್ತ ಬಂದು ನಿಲ್ಲಿಸಿದೆವು. ಹದಿನಾಲ್ಕನೇ ವಾರದ ಲಸಿಕೆಗೆ ಹೋದಾಗ 4 ಕೆಜಿ 700. ಚುಕ್ಕಿ ಹಸಿರಿಗೆ ಬಂತು, ಅಂಚಿನಲ್ಲಿ. ಅವಳು ಇವತ್ತಿಗೂ ಆ ಅಂಚಿನಲ್ಲೇ ಇದ್ದಾಳೆ, ಆರಾಮಾಗಿ.

ಸಮಾಧಾನ ಮಾಡುವವರ ಬಗ್ಗೆಯೂ ಒಂದು ತಕರಾರಿದೆ. "ಬಿಡು, ಅದು ಫಾರಿನ್ ಮಕ್ಕಳ ಚಾರ್ಟು" ಅನ್ನುತ್ತಾರೆ. ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಈ ಚಾರ್ಟಿಗೆ ಆರು ದೇಶದ ಮಕ್ಕಳನ್ನು ಅಳೆದಿದ್ದರು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಜೊತೆಗೆ ನಮ್ಮ ದೆಹಲಿ. ಚಾರ್ಟಿಗೆ ಆಧಾರವಾದದ್ದು ಎದೆಹಾಲು ಕುಡಿದು ಬೆಳೆದ ಮಕ್ಕಳೇ. ಹಾಗಾಗಿ ಚಾರ್ಟನ್ನು ಬೈದು ಪ್ರಯೋಜನವಿಲ್ಲ, ಓದಲು ಕಲಿಯಬೇಕು. ಆರೋಗ್ಯವಾಗಿರುವ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೂ ಮೂವರು ‘ಮೂರನೇ ಪರ್ಸೆಂಟೈಲ್’ ಅನ್ನುವ ಗೆರೆಯ ಕೆಳಗೇ ಇರುತ್ತಾರೆ. ಸಣ್ಣ ಮಗು ತನ್ನ ಗೆರೆ ಹಿಡಿದುಕೊಂಡು ಮೇಲೆ ಹೋಗುತ್ತಿದ್ದರೆ ಅದು ಒಂದು ಕಥೆ. ಗೆರೆಗಳನ್ನು ದಾಟಿ ಕೆಳಗೆ ಜಾರುತ್ತಿದ್ದರೆ ಬೇರೆ ಕಥೆ. ನನ್ನ ಮಗಳು ಮೊದಲು ಎರಡನೆಯದಾಗಿದ್ದಳು, ಆಮೇಲೆ ಮೊದಲನೆಯದಾದಳು.

ಫೋನ್ ಮಾಡುವ ತಂಗಿಯರಿಗೆ: ನನಗಿಂತ ಮುಂಚೆ ಡಾಕ್ಟರಿಗೆ ಮಾಡಬೇಕಾದ ಸಂದರ್ಭಗಳಿವೆ. ಐದು ದಿನ ದಾಟಿದ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡದಿದ್ದರೆ, ಅಥವಾ ಬಣ್ಣ ಗಾಢವಾಗಿದ್ದರೆ. ಎಬ್ಬಿಸಿದರೂ ಏಳದೆ, ಕುಡಿಯದೆ ಮಲಗೇ ಇದ್ದರೆ. ನೆತ್ತಿ ಗುಳಿ ಬಿದ್ದಿದ್ದರೆ. ಕುಡಿಯುವಾಗ ಬೆವರಿ ಏದುಸಿರು ಬಿಟ್ಟರೆ, ಅದು ಹೃದಯದ ತೊಂದರೆಯೂ ಇರಬಹುದು. ಎರಡು ವಾರವಾದರೂ ಹುಟ್ಟಿದ ತೂಕ ಬರದಿದ್ದರೆ. ಆವತ್ತೇ ಹೋಗಿ. ಹೋದಾಗ "ನಾನು ಕುಡಿಸ್ತೀನಿ, ಸ್ವಲ್ಪ ನೋಡಿ" ಅಂತ ನೀವೇ ಕೇಳಿ. ಕೇಳದಿದ್ದರೆ ನೋಡುವವರು ಕಮ್ಮಿ.

ಮಿಕ್ಕವರಿಗೆ, ಅಂದರೆ ಮದುವೆ ಮನೆಯಲ್ಲಿ, ಲಿಫ್ಟಿನಲ್ಲಿ, ಗೃಹಪ್ರವೇಶದಲ್ಲಿ ಕೇಳುವವರಿಗೆ, ಒಂದು ಹೊಸ ವ್ಯವಸ್ಥೆ ಮಾಡಿದ್ದೇನೆ. ಹುಟ್ಟಿದಾಗಿನಿಂದ ಇಲ್ಲಿಯವರೆಗೆ ಮಗಳ ತೂಕದ ಲೆಕ್ಕವೆಲ್ಲ ನನ್ನ ಗಂಡನ ಫೋನಿನಲ್ಲಿದೆ, ಎಕ್ಸೆಲ್‌ನಲ್ಲಿ, ಬಣ್ಣಬಣ್ಣದ ಗೆರೆಗಳ ಸಮೇತ. ಅವರನ್ನು ಇದುವರೆಗೂ ಯಾರೂ ಕೇಳಿಲ್ಲ. ಕೇಳಿ. ಅವರಿಗೆ ವಿವರಿಸುವುದೆಂದರೆ ಇಷ್ಟ, ಪೂರ್ತಿ ಹೇಳದೆ ಬಿಡುವುದಿಲ್ಲ. ಊಟ ಮುಗಿಸಿಕೊಂಡು ಹೋಗಿ.