ಎರಡನೇ ಚರಣದ ಮುಂಚಿನ ಉಸಿರು

ಇವತ್ತು ಹೋಮ್ ಥಿಯೇಟರ್ ಕೊಳ್ಳೋಣ ಅಂತಲೇ ಹೋಗಿದ್ದೆ. ಮನಸ್ಸಿನಲ್ಲಿ ಇದ್ದದ್ದು 5.1. ಐದು ಸ್ಪೀಕರ್, ಬೇಸ್‌ಗೆ ಅಂದರೆ ತಗ್ಗಿನ ದಪ್ಪ ಸದ್ದಿಗೆ ಅಂತಲೇ ಒಂದು ಸಬ್‌ವೂಫರ್. ಸಿನಿಮಾಗೆ ಅದೇ ಚೆಂದ, ಮಾತೆಲ್ಲ ನಡುವಿನ ಸ್ಪೀಕರ್‌ನಿಂದ ಸ್ಪಷ್ಟವಾಗಿ ಬರುತ್ತದೆ.

ಸುಮ್ನೆ ಒಂದ್ಸಲ ಅಂತ, ಪಕ್ಕದಲ್ಲಿದ್ದ ಎರಡೇ ಸ್ಪೀಕರ್‌ಗಳಲ್ಲಿ ನನಗೆ ಬಾಯಿಪಾಠವಾದ ಹಾಡು ಹಾಕಿಸಿದೆ. ಅವೆರಡರ ನಡುವೆ ಎಷ್ಟು ದೂರವೋ, ಅಷ್ಟೇ ದೂರದಲ್ಲಿ ಕುಳಿತೆ. ಕಣ್ಣು ಮುಚ್ಚಿದೆ.

ಎರಡನೇ ಚರಣ ಶುರುವಾಗುವ ಮುಂಚೆ ಗಾಯಕಿ ಸಣ್ಣಗೆ ಉಸಿರೆಳೆದುಕೊಂಡದ್ದು ಕೇಳಿಸಿತು. ಎರಡೂ ಸ್ಪೀಕರ್ ನಡುವೆ, ಏನೂ ಇಲ್ಲದ ಜಾಗದಿಂದ!

ಇಷ್ಟು ವರ್ಷವೂ ಆ ಉಸಿರು ಅಲ್ಲೇ ಇತ್ತು ಅಲ್ವಾ?

ಸಿನಿಮಾ ಯಾವಾಗಲೋ ಒಮ್ಮೆ. ಹಾಡು ದಿನಾ ಬೇಕು. ಆ ಎರಡನ್ನೇ ತಂದೆ. ಗೋಡೆಗೆ ಒತ್ತಿ ಇಟ್ಟಾಗ ಬೇಸ್ ಜಾಸ್ತಿಯಾಗಿ ಗುಂಯ್ ಅನ್ನುತ್ತಿತ್ತು. ಒಂದಡಿ ಮುಂದಕ್ಕೆ ಎಳೆದೆ, ತಿಳಿಯಾಯಿತು.

ಮತ್ತೆ ಅದೇ ಹಾಡು ಹಾಕಿದ್ದೇನೆ. ಎರಡನೇ ಚರಣ ಬರುತ್ತಿದೆ.