ಬರ್ಲಿನ್‌ಗೆ ಹೊರಡುವ ತಯಾರಿ

ಭಾನುವಾರ, 9 ಮಾರ್ಚ್ 2025
ಬಸವನಗುಡಿ, ಬೆಂಗಳೂರು

ಸೆಪ್ಟೆಂಬರ್‌ನಲ್ಲಿ ಬರ್ಲಿನ್‌ಗೆ ಹೋಗುವುದೆಂದು ಇವತ್ತು ಕೊನೆಗೂ ನಿಶ್ಚಯವಾಯಿತು. ಜುಲೈ ಕೊನೆಗೆ ಅಲ್ಲಿ ನಡೆಯುವ, ಲೈಂಗಿಕ ಅಲ್ಪಸಂಖ್ಯಾತರ ಕ್ರಿಸ್ಟೋಫರ್ ಸ್ಟ್ರೀಟ್ ಡೇ ಮೆರವಣಿಗೆಯ ಹೊತ್ತಿಗೇ ಹೋಗಬೇಕೆಂಬುದು ನನ್ನ ಸಂಗಾತಿಯ ಹಟವಾಗಿತ್ತು. ಆದರೆ ಆ ದಿನಗಳಲ್ಲಿ ಹೋಟೆಲ್ ಬಾಡಿಗೆ ಕೈ ಸುಡುತ್ತದೆ, ಆ ಜನಜಂಗುಳಿಯಲ್ಲಿ ಊರು ಕಣ್ಣಿಗೆ ಬೀಳುವುದೂ ಕಷ್ಟ. ಮೆರವಣಿಗೆಗೆ ಇಲ್ಲೇ ‘ನಮ್ಮ ಪ್ರೈಡ್’ ಇದೆಯಲ್ಲ ಎಂದು ಹೇಳಿ ಒಪ್ಪಿಸಿದೆ.

ಹತ್ತಿರದ ಬ್ಯಾಂಕಾಕ್ ಬಿಟ್ಟು ಅಷ್ಟು ದೂರ ಏಕೆ ಎಂದು ಗೆಳೆಯರು ಕೇಳುತ್ತಿದ್ದಾರೆ. ಈ ಜನವರಿ 23ರಿಂದ ಥಾಯ್ಲೆಂಡ್‌ನಲ್ಲಿ ಸಲಿಂಗಿಗಳ ಮದುವೆಗೆ ಕಾನೂನಿನ ಮಾನ್ಯತೆ ದೊರೆತಿರುವುದರಿಂದ ಪ್ರಶ್ನೆ ನ್ಯಾಯವಾದದ್ದೇ. ಆದರೆ ನನಗೆ ಬೇಕಿರುವುದು ಸುರಕ್ಷಿತವಾದ ಊರಷ್ಟೇ ಅಲ್ಲ. ನಮ್ಮಂಥವರು ರಾತ್ರಿ ಹೊತ್ತು ಸೇರುತ್ತಿದ್ದ ಜಾಗಗಳನ್ನೂ ತನ್ನ ಚರಿತ್ರೆಯ ಭಾಗವೆಂದು ಒಪ್ಪಿಕೊಂಡಿರುವ ಊರು.

ಹಾಗಾಗಿ ತಂಗುವುದು ಶೋನೆಬರ್ಗ್ ಬಡಾವಣೆಯಲ್ಲೇ. ಅಲ್ಲಿನ ಮೋಟ್ಸ್ ರಸ್ತೆಯಲ್ಲಿ 1920ರ ದಶಕದಿಂದಲೇ ಸಲಿಂಗಿಗಳ ಬಾರುಗಳಿದ್ದವು. ಅದೇ ರಸ್ತೆಯ ಪ್ರಸಿದ್ಧ ಎಲ್ಡೊರಾಡೊ ನೃತ್ಯಶಾಲೆ ನಾಜಿಗಳು ಅಧಿಕಾರ ಹಿಡಿಯುವ ಹೊತ್ತಿಗೆ ಮುಚ್ಚಿ, ಆ ಕಟ್ಟಡ ಅವರ ಎಸ್‌ಎ ಎಂಬ ದಾಳಿಪಡೆಯ ಕೈ ಸೇರಿತು. ಹತ್ತಿರದ ನೊಲೆಂಡಾರ್ಫ್‌ಪ್ಲಾಟ್ಸ್ ಮೆಟ್ರೊ ನಿಲ್ದಾಣದ ಗೋಡೆಯ ಮೇಲೆ, ಸೆರೆಶಿಬಿರಗಳಲ್ಲಿ ಸತ್ತ ಸಲಿಂಗಿಗಳ ನೆನಪಿಗೆ 1989ರಲ್ಲಿ ಹಾಕಿದ, ಅಲ್ಲಿ ಅವರಿಗೆ ತೊಡಿಸುತ್ತಿದ್ದ ಗುರುತಾದ ಗುಲಾಬಿ ತ್ರಿಕೋನದ ಫಲಕವಿದೆ. ಶನಿವಾರ ರಾತ್ರಿ ಬಾರಿಗೆ ಹೋಗುವವರೂ ಅದರ ಮುಂದೆಯೇ ಹಾದು ಹೋಗುತ್ತಾರೆ.

ಒಂದು ಬೆಳಗ್ಗೆಯನ್ನು ಮಾಗ್ನುಸ್ ಹಿರ್ಷ್‌ಫೆಲ್ಡ್ ಅವರಿಗಾಗಿ ಇಟ್ಟುಕೊಂಡಿದ್ದೇನೆ. 1919ರಲ್ಲಿ ಲೈಂಗಿಕ ವಿಜ್ಞಾನ ಸಂಸ್ಥೆಯನ್ನು ಕಟ್ಟಿದ ಈ ವೈದ್ಯರು 1931ರಲ್ಲಿ ಭಾರತಕ್ಕೂ ಬಂದು ಹೋದವರು. 1933ರ ಮೇ 6ರಂದು ನಾಜಿ ಬೆಂಬಲಿಗ ವಿದ್ಯಾರ್ಥಿಗಳು ಸಂಸ್ಥೆಗೆ ನುಗ್ಗಿ ಲೂಟಿ ಮಾಡಿದರು; ನಾಲ್ಕು ದಿನಗಳ ನಂತರ ಅಲ್ಲಿನ ಪುಸ್ತಕಗಳು ಒಪೆರಾ ಚೌಕದ ಬೆಂಕಿಗೆ ಬಿದ್ದವು. ಈಗ ಬೇಬೆಲ್‌ಪ್ಲಾಟ್ಸ್ ಎನಿಸಿಕೊಂಡಿರುವ ಆ ಚೌಕದ ಕಲ್ಲುಹಾಸಿನ ನಡುವೆ ಒಂದು ಗಾಜಿನ ಹಲಗೆಯಿದೆ. ಬಗ್ಗಿ ನೋಡಿದರೆ ನೆಲದಡಿಯ ಕೋಣೆಯಲ್ಲಿ ಸುಮಾರು 20,000 ಪುಸ್ತಕ ಹಿಡಿಸುವಷ್ಟು ಬಿಳಿಯ ಕಪಾಟುಗಳು, ಎಲ್ಲವೂ ಖಾಲಿ. ಟಿಯರ್‌ಗಾರ್ಟನ್ ಉದ್ಯಾನದ ಅಂಚಿನಲ್ಲಿ ನಾಜಿಗಳ ಹಿಂಸೆಗೆ ಒಳಗಾದ ಸಲಿಂಗಿಗಳಿಗಾಗಿ 2008ರಲ್ಲಿ ನಿಲ್ಲಿಸಿದ ಕಾಂಕ್ರೀಟಿನ ಸ್ಮಾರಕಕ್ಕೂ ಅದೇ ದಿನ ಹೋಗಬಹುದು. ಅದರ ಪುಟ್ಟ ಕಿಟಕಿಯೊಳಗೆ ಚುಂಬಿಸುವ ಜೋಡಿಯ ಚಿತ್ರ ಓಡುತ್ತಿರುತ್ತದೆ.

ಸಲಿಂಗಿ ಗಂಡಸರನ್ನು ಜೈಲಿಗೆ ಕಳಿಸುತ್ತಿದ್ದ ಜರ್ಮನ್ ಕಾನೂನಿನ 175ನೇ ಕಲಮು ನಾಜಿಗಳೊಂದಿಗೆ ಸಾಯಲಿಲ್ಲ. ಪಶ್ಚಿಮ ಜರ್ಮನಿ ಅದನ್ನು ಸಡಿಲಿಸಿದ್ದು 1969ರಲ್ಲಿ. ಅದು ಪೂರ್ತಿ ರದ್ದಾದದ್ದು 1994ರಲ್ಲಿ. ನಮ್ಮ 377ನೇ ಕಲಮಿನ ಬಗ್ಗೆ 2018ರ ಸೆಪ್ಟೆಂಬರ್ 6ರಂದು ಬಂದ, ಸಲಿಂಗ ಸಂಬಂಧ ಅಪರಾಧವಲ್ಲ ಎಂಬ ತೀರ್ಪನ್ನು ನೆನೆದರೆ, ಯುರೋಪಿನವರು ನಮಗಿಂತ ಬಹಳ ಮುಂದಿದ್ದರು ಎಂಬ ಮಾತನ್ನು ನಾನಂತೂ ಪೂರ್ತಿ ಒಪ್ಪಲಾರೆ.

ಇನ್ನು ರಾತ್ರಿಗಳ ವಿಚಾರ. ಚರ್ಚ್ ಸ್ಟ್ರೀಟಿನಲ್ಲಿ ಒಂದು ಗಂಟೆಗೆ ದೀಪ ಆರಿಸಿ ಹೊರಗೆ ಕಳಿಸುವುದಕ್ಕೆ ಒಗ್ಗಿಹೋದ ನಮಗೆ, 1949ರಿಂದ ಮುಚ್ಚುವ ವೇಳೆಯ ಕಟ್ಟಳೆಯನ್ನೇ ಕೈಬಿಟ್ಟಿರುವ ಊರಿನ ಲಯ ಹಿಡಿಯುವುದು ಸುಲಭವಲ್ಲ. ಶುಕ್ರವಾರ ಮತ್ತು ಶನಿವಾರ ರಾತ್ರಿಯಿಡೀ ಮೆಟ್ರೊ ಓಡುತ್ತದೆ ಎಂಬುದು ಸಮಾಧಾನದ ಸಂಗತಿ. ಹಳೆಯ ವಿದ್ಯುತ್ ಸ್ಥಾವರದಲ್ಲಿರುವ ಬರ್ಗ್‌ಹೈನ್ ಕ್ಲಬ್ಬಿಗೆ ಹೋಗಲೇಬೇಕೆಂದು ಇವನು ಕುಣಿಯುತ್ತಿದ್ದಾನೆ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಬಾಗಿಲಲ್ಲಿ ‘ಇಲ್ಲ’ ಎನ್ನಿಸಿಕೊಂಡು ಬರುವ ಸಂಭವವೇ ಹೆಚ್ಚು ಎಂಬುದು ನನ್ನ ವಾದ. ಒಳಗೆ ಬಿಟ್ಟರೂ ಮೊಬೈಲ್ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ. ಮನೆಯವರಿಗೆ ಇನ್ನೂ ವಿಷಯ ಹೇಳದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ! ಕೈ ಹಿಡಿದು ನಡೆದವರ ಮೇಲೆ ಅಲ್ಲೂ ಹಲ್ಲೆಗಳಾಗುತ್ತವೆ. ಲೈಂಗಿಕ ಅಲ್ಪಸಂಖ್ಯಾತರ ದೂರುಗಳಿಗೆಂದೇ ಬರ್ಲಿನ್ ಪೊಲೀಸರಲ್ಲಿ ಸಂಪರ್ಕಾಧಿಕಾರಿಗಳಿರುವುದರಿಂದ ಅವರ ಫೋನ್ ಸಂಖ್ಯೆಯನ್ನು ಇಬ್ಬರ ಮೊಬೈಲಿನಲ್ಲೂ ಹಾಕಿಟ್ಟೆ.

ಸಂಜೆಯೆಲ್ಲ, ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಅರ್ಜಿಯಲ್ಲೇ ಕಳೆಯಿತು. 90 ಯೂರೊ ಶುಲ್ಕ, ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆ, ಇವೆಲ್ಲ ದುಡ್ಡಿನಿಂದ ಮುಗಿಯುವ ಕೆಲಸ. ವೈವಾಹಿಕ ಸ್ಥಿತಿಯ ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು. ಅವಿವಾಹಿತ, ವಿವಾಹಿತ ಎಂಬವುಗಳ ಪಕ್ಕದಲ್ಲೇ ‘ನೋಂದಾಯಿತ ಸಂಗಾತಿ’ ಎಂಬ ಚೌಕವೂ ಇದೆ. ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ನಮ್ಮ ಮದುವೆಗೆ ಮಾನ್ಯತೆ ನಿರಾಕರಿಸಿದ ಮೇಲೆ ಆ ಚೌಕವನ್ನು ತುಂಬುವ ಮಾತೇ ಇಲ್ಲ. ಒಂದೇ ಅಡುಗೆಮನೆಯ ನಾವಿಬ್ಬರೂ ‘ಅವಿವಾಹಿತ’ ಎಂದೇ ಗುರುತು ಹಾಕಿದೆವು. ಜತೆಗಿಡುವ ಪತ್ರದಲ್ಲಿ ‘ಗೆಳೆಯ’ ಎಂದು ಬರೆದರೆ ಸಾಕೆಂದು ಅವನೆಂದ. ಬಾಡಿಗೆ ಕರಾರಿನಲ್ಲಿ ಆ ಪದಕ್ಕೆ ತಲೆಬಾಗಿದ್ದೇ ಸಾಕಾಗಿತ್ತಾದ್ದರಿಂದ ನಾನು ‘ಸಂಗಾತಿ’ ಎಂದೇ ಬರೆದು, ಒಂದೇ ಕೋಣೆಯ ಕಾದಿರಿಸುವಿಕೆಯನ್ನೂ ಲಗತ್ತಿಸಿದೆ. ಏಪ್ರಿಲ್‌ನಲ್ಲಿ ಅರ್ಜಿ ಸಲ್ಲಿಸಲು ಇಬ್ಬರಿಗೂ ಒಂದೇ ದಿನದ ಸಮಯ ಸಿಗುವುದೇ ಎಂದು ನಾಳೆ ನೋಡಬೇಕು.